ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದಿದೆ, ಮುಂದೇನು? ಹೆಪಟೈಟಿಸ್ ಬಿ ಇರುವವರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು ಬಂದ ಕೆಲವು ದಿನಗಳಿಗೆ ರಕ್ತನಿಧಿಯಿಂದ ಕರೆ ಬರುತ್ತದೆ. ಗರ್ಭಿಣಿಯ ಮೊದಲ ತಪಾಸಣೆಯ ವರದಿಯಲ್ಲಿ ಒಂದು ಸಾಲಿನ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗುರುತು ಹಾಕಿರುತ್ತಾರೆ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲೋ, ಗಲ್ಫ್ ದೇಶದ ಕೆಲಸಕ್ಕೆಂದು ಮಾಡಿಸಿದ ವೈದ್ಯಕೀಯ ತಪಾಸಣೆಯಲ್ಲೋ ‘ಎಚ್‌ಬಿಎಸ್‌ಎಜಿ ರಿಯಾಕ್ಟಿವ್’ ಎಂದು ಬರೆದಿರುತ್ತದೆ. ಬೆಂಗಳೂರಿನ ಅನೇಕರಿಗೆ ತಮ್ಮೊಳಗೆ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ತಿಳಿಯುವುದು ಹೀಗೆಯೇ, ಕಾಯಿಲೆ ಬಿದ್ದು ಅಲ್ಲ. ಆಮೇಲೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಇದು ವಾಸಿಯಾಗುತ್ತದೆಯೇ, ಮನೆಯವರಿಗೆ ಅಂಟುತ್ತದೆಯೇ, ಮಾತ್ರೆ ಯಾವಾಗ ಶುರು ಮಾಡಬೇಕು, ಮದುವೆಯಾಗಬಹುದೇ, ಮಗುವಿಗೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುವ ಬದಲು, ವರದಿ ಕೈಗೆ ಬಂದ ದಿನದಿಂದ ಏನೇನು ಮಾಡಬೇಕೆಂಬುದನ್ನು ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಈ ಸೋಂಕು ಇರುವ ಎಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರಿಗೂ ಜೀವನಪೂರ್ತಿ ತಪಾಸಣೆ ಬೇಕೇಬೇಕು. ‘ಸದ್ಯಕ್ಕೆ ಔಷಧ ಬೇಡ’ ಎಂದು ವೈದ್ಯರು ಹೇಳಿದ್ದನ್ನು ‘ಏನೂ ತೊಂದರೆಯಿಲ್ಲ’ ಎಂದು ಕೇಳಿಸಿಕೊಂಡು, ಫೈಲನ್ನು ಬೀರುವಿನ ಮೇಲಿಟ್ಟು ಎಂಟು ವರ್ಷ ಮರೆತ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಅವರು ಮತ್ತೆ ಆಸ್ಪತ್ರೆಗೆ ಹೋದದ್ದು ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ.

ಇದು ಯಾವ ಕಾಯಿಲೆ?

ಹೆಪಟೈಟಿಸ್ ಎಂದರೆ ಯಕೃತ್ತಿನ, ಅಂದರೆ ನಾವು ದಿನಬಳಕೆಯಲ್ಲಿ ಲಿವರ್ ಎನ್ನುವ ಅಂಗದ ಉರಿಯೂತ. ಕಾಮಾಲೆ ಎಂಬುದು ಕಾಯಿಲೆಯ ಹೆಸರಲ್ಲ, ಲಿವರ್ ಅಥವಾ ಪಿತ್ತನಾಳದ ತೊಂದರೆಯಿಂದ ಕಣ್ಣು ಮತ್ತು ಮೂತ್ರ ಹಳದಿಯಾಗುವ ಲಕ್ಷಣ. ಕಲುಷಿತ ನೀರು, ರಸ್ತೆಬದಿಯ ಆಹಾರದಿಂದ ಹರಡಿ, ಕೆಲವು ವಾರ ಕಾಡಿ, ಬಹುತೇಕರಲ್ಲಿ ತಾನಾಗಿ ಹೋಗುವುದು ಹೆಪಟೈಟಿಸ್ ಎ ಮತ್ತು ಇ. ಹೆಪಟೈಟಿಸ್ ಬಿ ಅದಕ್ಕಿಂತ ಬೇರೆ. ಅದು ರಕ್ತ ಮತ್ತು ದೇಹದ ಕೆಲವು ದ್ರವಗಳ ಮೂಲಕ ಹರಡುತ್ತದೆ, ಮತ್ತು ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರಿಸದೆ ಲಿವರ್‌ನಲ್ಲಿ ಉಳಿದುಬಿಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಲ್ಲಿ, ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಈ ದೀರ್ಘಕಾಲಿಕ ಸೋಂಕು ಇತ್ತು. ಅಂದರೆ ವರದಿ ಹಿಡಿದು ಕೂತಿರುವ ನೀವು ಒಬ್ಬರೇ ಅಲ್ಲ.

ಬೇಕಾಗುವ ಸಿದ್ಧತೆ

ವೈದ್ಯರ ಬಳಿಗೆ ಹೋಗುವಾಗ ಹಳೆಯ ರಕ್ತಪರೀಕ್ಷೆಯ ವರದಿಗಳೆಲ್ಲ ಬೇಕು, ಹತ್ತು ವರ್ಷ ಹಿಂದಿನದಾದರೂ ಸರಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ ಬೇಕು, ಅದರಲ್ಲಿ ನಾಟಿ ಔಷಧ, ಕಷಾಯ, ಜಿಮ್‌ನಲ್ಲಿ ಕೊಟ್ಟ ಪುಡಿ ಕೂಡ ಇರಲಿ. ಮನೆತನದಲ್ಲಿ ಯಾರಿಗಾದರೂ ಲಿವರ್ ಕಾಯಿಲೆ ಅಥವಾ ಲಿವರ್ ಕ್ಯಾನ್ಸರ್ ಇತ್ತೇ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ‘ಅಜ್ಜನಿಗೆ ಹೊಟ್ಟೆ ಊದಿ ಹೋಯಿತು’ ಎಂದಷ್ಟೇ ಅವರು ಹೇಳಿದರೂ ಅದನ್ನು ಬರೆದಿಡಿ, ಯಕೃತ್ತಿನ ವೈದ್ಯರಿಗೆ ಆ ಒಂದು ಸಾಲು ಮಹತ್ವದ್ದು.

ಹಂತ 1: ವರದಿಯನ್ನು ಸರಿಯಾಗಿ ಓದಿ, ದೃಢಪಡಿಸಿಕೊಳ್ಳಿ

ಎಚ್‌ಬಿಎಸ್‌ಎಜಿ ಎಂದರೆ ವೈರಸ್ಸಿನ ಹೊರಕವಚದ ಪ್ರೋಟೀನು. ಅಮೆರಿಕದ ವಿಜ್ಞಾನಿ ಬರೂಚ್ ಬ್ಲೂಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಇದನ್ನು ಗುರುತಿಸಿದರು. ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಅವರ ಹುಟ್ಟುಹಬ್ಬವಾದ ಜುಲೈ 28ನ್ನೇ ಇಂದು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತದೆ. ಈ ಪ್ರೋಟೀನು ರಕ್ತದಲ್ಲಿ ಇದ್ದರೆ ವೈರಸ್ ಈಗ ದೇಹದಲ್ಲಿದೆ ಎಂದರ್ಥ.

ಶಿಬಿರ ಮತ್ತು ಸಣ್ಣ ಪ್ರಯೋಗಾಲಯಗಳಲ್ಲಿ ಮಾಡುವುದು ಸಾಮಾನ್ಯವಾಗಿ ಕಾರ್ಡ್ ಪರೀಕ್ಷೆ: ಪುಟ್ಟ ಪ್ಲಾಸ್ಟಿಕ್ ಪಟ್ಟಿಯ ಮೇಲೆ ರಕ್ತದ ಹನಿ ಬಿದ್ದು ಎರಡು ಗೆರೆ ಮೂಡಿದರೆ ಪಾಸಿಟಿವ್. ಎರಡನೆಯ ಗೆರೆ ಮಸುಕಾಗಿ ಮೂಡಿದಾಗ ತಪ್ಪು ಓದುವ ಸಾಧ್ಯತೆ ಇದೆ. ಆದ್ದರಿಂದ ಎಲಿಸಾ ಅಥವಾ ಅದಕ್ಕೂ ಸೂಕ್ಷ್ಮವಾದ ಯಂತ್ರದ ಪರೀಕ್ಷೆಯಿಂದ ಒಮ್ಮೆ ದೃಢಪಡಿಸಿಕೊಳ್ಳಿ. ಎಚ್ಚರಿಕೆ: ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರಗಳೊಳಗೆ ಈ ಪರೀಕ್ಷೆ ಮಾಡಿಸಿದರೆ ಲಸಿಕೆಯಲ್ಲಿರುವ ಅದೇ ಪ್ರೋಟೀನು ಸಿಕ್ಕು ತಪ್ಪಾಗಿ ಪಾಸಿಟಿವ್ ಬರಬಹುದು. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೆ ಅದನ್ನು ಹೇಳಿ, ಒಂದು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಿ.

ಹಂತ 2: ಹೊಸ ಸೋಂಕೋ, ಹಳೆಯದೋ ತಿಳಿದುಕೊಳ್ಳಿ

ಎಚ್‌ಬಿಎಸ್‌ಎಜಿ ಆರು ತಿಂಗಳಿಗಿಂತ ಹೆಚ್ಚು ಕಾಲ ರಕ್ತದಲ್ಲಿ ಉಳಿದರೆ ಅದು ದೀರ್ಘಕಾಲಿಕ ಸೋಂಕು. ಆರು ತಿಂಗಳೊಳಗೆ ಹೋದರೆ ಅದು ತೀವ್ರ ಅಥವಾ ಹೊಸ ಸೋಂಕು. ‘ಕೋರ್ ಐಜಿಎಂ’ ಎಂಬ ಪ್ರತಿಕಾಯದ ಪರೀಕ್ಷೆ ಹೊಸ ಸೋಂಕನ್ನು ಗುರುತಿಸಲು ನೆರವಾಗುತ್ತದೆ. ಪ್ರತಿಕಾಯವೆಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು.

ಸೋಂಕು ಉಳಿಯುವುದೋ ಹೋಗುವುದೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ವೈರಸ್ ದೇಹ ಸೇರಿದಾಗಿನ ವಯಸ್ಸು. ಹುಟ್ಟುವಾಗಲೇ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಯಲ್ಲಿ ಅದು ದೀರ್ಘಕಾಲಿಕವಾಗುತ್ತದೆ. ವಯಸ್ಕರಲ್ಲಿ ಹೀಗಾಗುವುದು ಶೇ. 5ಕ್ಕಿಂತ ಕಡಿಮೆ, ಉಳಿದವರ ದೇಹ ತಾನೇ ವೈರಸ್ಸನ್ನು ಹತ್ತಿಕ್ಕುತ್ತದೆ. ಹೀಗಾಗಿ ಮೂವತ್ತೈದು ವರ್ಷದವರೊಬ್ಬರಲ್ಲಿ ದೀರ್ಘಕಾಲಿಕ ಸೋಂಕು ಕಂಡುಬಂದರೆ ಅದು ಅವರಿಗೆ ಹುಟ್ಟುವಾಗ ತಾಯಿಯಿಂದಲೋ, ಎಳವೆಯಲ್ಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ವರದಿ ಬಂದ ಮನೆಗಳಲ್ಲಿ ಗಂಡ ಹೆಂಡತಿಯನ್ನೋ, ಹೆಂಡತಿ ಗಂಡನನ್ನೋ ಅನುಮಾನಿಸುವುದು ಅಲ್ಲಿಂದಲೇ ಶುರುವಾಗುತ್ತದೆ. ಈ ವರದಿ ಯಾರ ನಡತೆಗೂ ಸಾಕ್ಷಿಯಲ್ಲ.

ಹೊಸ ಸೋಂಕಿನಲ್ಲಿ ಬಹುತೇಕರಿಗೆ ವೈರಸ್ ನಿರೋಧಕ ಮಾತ್ರೆ ಬೇಡ. ವಿಶ್ರಾಂತಿ, ಸಾಕಷ್ಟು ಆಹಾರ, ಮದ್ಯ ಪೂರ್ತಿ ಬಂದ್, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಇಲ್ಲ, ವಾರವಾರ ರಕ್ತಪರೀಕ್ಷೆ, ಇಷ್ಟು ಸಾಕಾಗುತ್ತದೆ. ಆದರೆ ಕಾಮಾಲೆಯ ಜೊತೆಗೆ ವಿಪರೀತ ಮಂಪರು, ಮಾತಿನಲ್ಲಿ ಗೊಂದಲ, ಎಲ್ಲೆಂದರಲ್ಲಿ ರಕ್ತಸ್ರಾವ ಕಂಡರೆ ಒಂದು ಗಂಟೆಯೂ ತಡಮಾಡದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಹಂತ 3: ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನು ಮನೆಯವರೆಲ್ಲ ಕೂತು ತಿಳಿಯಿರಿ

ಹರಡುವ ದಾರಿಗಳು ನಾಲ್ಕು: ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ, ಸೋಂಕಿರುವ ರಕ್ತದ ಸಂಪರ್ಕದಿಂದ, ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಮತ್ತು ಬಳಸಿದ ಸೂಜಿ ಅಥವಾ ಸರಿಯಾಗಿ ಶುದ್ಧೀಕರಿಸದ ಉಪಕರಣಗಳಿಂದ. ಈ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಒಣಗಿ ಕಪ್ಪಾದ ರಕ್ತದ ಚುಕ್ಕೆಯಲ್ಲೂ ಅದು ಇರಬಹುದೆಂಬುದೇ ಇದರ ಅಪಾಯ.

ಜೊತೆಯಲ್ಲಿ ಊಟ ಮಾಡುವುದರಿಂದ, ಒಂದೇ ತಟ್ಟೆ ಲೋಟ ಬಳಸುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ, ಸೊಳ್ಳೆಯಿಂದ, ಒಂದೇ ಶೌಚಾಲಯ ಬಳಸುವುದರಿಂದ ಇದು ಹರಡುವುದಿಲ್ಲ. ಸೊಸೆಗೆ ಪ್ರತ್ಯೇಕ ತಟ್ಟೆ ಲೋಟ ಇಟ್ಟು, ಅಡುಗೆಮನೆಗೆ ಬರಬೇಡವೆಂದ ಮನೆಗಳಿವೆ. ಅದಕ್ಕೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ, ಆ ಮನೆಯಲ್ಲಿ ನಿಜವಾಗಿ ಬೇರೆ ಮಾಡಬೇಕಾಗಿದ್ದದ್ದು ಬಚ್ಚಲುಮನೆಯ ಗೂಡಿನಲ್ಲಿರುವ ವಸ್ತುಗಳನ್ನು. ಹೋಗಿ ಒಮ್ಮೆ ಆ ಗೂಡನ್ನು ನೋಡಿ. ಅಣ್ಣ ತಮ್ಮ ಇಬ್ಬರೂ ಬಳಸುವ ಒಂದೇ ರೇಜರ್, ಮನೆಮಂದಿಗೆಲ್ಲ ಒಂದೇ ಉಗುರು ಕತ್ತರಿ, ಒಂದಕ್ಕೊಂದು ಒತ್ತಿಕೊಂಡು ನಿಂತ ಹಲ್ಲುಜ್ಜುವ ಬ್ರಷ್‌ಗಳು, ಅಕ್ಕತಂಗಿಯರು ಅದಲುಬದಲು ಮಾಡಿಕೊಳ್ಳುವ ಓಲೆಗಳು. ಕಣ್ಣಿಗೆ ಕಾಣದ ರಕ್ತದ ಕಣ ಅಂಟುವ ವಸ್ತುಗಳೆಂದರೆ ಇವು. ಇವತ್ತೇ ಒಬ್ಬೊಬ್ಬರಿಗೆ ಒಂದೊಂದು ಮಾಡಿ.

ಹೊರಗಡೆಯ ಎಚ್ಚರಿಕೆಗಳೂ ಇವೆ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಮುರಿದು ಹಾಕುವಂತೆ ಹೇಳಿ. ಬ್ಲೇಡ್ ಬದಲಾಯಿಸುವ ಅಂಗಡಿಗಳಲ್ಲೂ ಗಾಯಕ್ಕೆ ಉಜ್ಜುವ ಪಟಿಕದ ಕಲ್ಲು ಒಂದೇ ಇರುತ್ತದೆ, ಹಿಂದಿನವರ ಗಾಯಕ್ಕೆ ತಾಗಿದ ಆ ಕಲ್ಲು ನಿಮ್ಮ ಕೆನ್ನೆಗೆ ಬೇಡ ಎನ್ನಿ. ಜಾತ್ರೆ, ಪರಿಷೆಗಳಲ್ಲಿ ಸಾಲಾಗಿ ಕೂರಿಸಿ ಒಂದೇ ಸೂಜಿಯಿಂದ ಹಚ್ಚೆ ಹಾಕುವುದನ್ನೂ, ಕಿವಿ ಮೂಗು ಚುಚ್ಚುವುದನ್ನೂ ತಪ್ಪಿಸಿ. ಜ್ವರಕ್ಕೆ ಸೂಜಿ ಚುಚ್ಚಿಸಿಕೊಳ್ಳುವಾಗ ಸಿರಿಂಜಿನ ಪೊಟ್ಟಣವನ್ನು ಎದುರಿನಲ್ಲೇ ತೆರೆದರೇ ಎಂದು ನೋಡುವುದು ನಿಮ್ಮ ಹಕ್ಕು. ನೆಲಕ್ಕೆ ರಕ್ತ ಬಿದ್ದರೆ ಕೈಗವಸು ಹಾಕಿಕೊಂಡು, ಒಂದು ಭಾಗ ದ್ರವ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಸೋಂಕಿರುವವರು ರಕ್ತದಾನ ಮಾಡಬಾರದು.

ಮದುವೆಯ ಪ್ರಶ್ನೆಗೆ ಉತ್ತರ: ಖಂಡಿತ ಆಗಬಹುದು. ಸಂಗಾತಿಗೆ ಮುಂಚಿತವಾಗಿ ತಿಳಿಸಿ, ಅವರಿಗೆ ಪರೀಕ್ಷೆ ಮಾಡಿಸಿ, ಲಸಿಕೆ ಪೂರ್ಣಗೊಳಿಸಿ, ರಕ್ಷಣೆ ಬಂದಿದೆಯೆಂದು ರಕ್ತಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಕಾಂಡೋಮ್ ಬಳಸಿ. ಮುಚ್ಚಿಟ್ಟು ಮದುವೆಯಾಗುವುದು ಮಾತ್ರ ಬೇಡ.

ಹಂತ 4: ಮನೆಯವರಿಗೆಲ್ಲ ಪರೀಕ್ಷೆ, ಬೇಕಾದವರಿಗೆ ಲಸಿಕೆ

ತಾಯಿ, ಒಡಹುಟ್ಟಿದವರು, ಸಂಗಾತಿ, ಮಕ್ಕಳು, ಒಂದೇ ಸೂರಿನಡಿ ಇರುವ ಇತರರು, ಎಲ್ಲರೂ ಮೂರು ಪರೀಕ್ಷೆ ಮಾಡಿಸಿಕೊಳ್ಳಬೇಕು: ಎಚ್‌ಬಿಎಸ್‌ಎಜಿ, ಆಂಟಿ ಎಚ್‌ಬಿಎಸ್ ಮತ್ತು ಆಂಟಿ ಎಚ್‌ಬಿಸಿ. ಎರಡನೆಯದು ರಕ್ಷಣೆ ಇದೆಯೇ ಎಂದು ತೋರಿಸುತ್ತದೆ, ಮೂರನೆಯದು ಹಿಂದೆಂದಾದರೂ ವೈರಸ್ ಬಂದು ಹೋಗಿತ್ತೇ ಎಂದು. ಮೂರೂ ನೆಗೆಟಿವ್ ಇದ್ದವರಿಗೆ ಲಸಿಕೆ ಬೇಕು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆ 2002ರ ಸುಮಾರಿಗೆ ಪ್ರಾಯೋಗಿಕವಾಗಿ ಆರಂಭವಾಗಿ 2011ರ ಹೊತ್ತಿಗೆ ಇಡೀ ದೇಶಕ್ಕೆ ವಿಸ್ತರಿಸಿತು. ಆದ್ದರಿಂದ ಇಂದಿನ ವಯಸ್ಕರಲ್ಲಿ ಹೆಚ್ಚಿನವರು ಬಾಲ್ಯದಲ್ಲಿ ಇದನ್ನು ಪಡೆದಿಲ್ಲ. ವಯಸ್ಕರಿಗೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಇಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಎರಡು ಡೋಸ್ ಆದ ಮೇಲೆ ಮೂರನೆಯದನ್ನು ಮರೆಯುವುದು ಮೊದಲನೆಯದು. ಮರೆತಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಾಕಿಯಿರುವುದನ್ನು ಹಾಕಿಸಿಕೊಂಡರೆ ಸಾಕು. ಎರಡನೆಯದು, ವಯಸ್ಕರಿಗೆ ತೋಳಿನ ಬದಲು ಪೃಷ್ಠಕ್ಕೆ ಚುಚ್ಚುವುದು. ಅಲ್ಲಿ ಚುಚ್ಚಿದರೆ ರಕ್ಷಣೆ ಸರಿಯಾಗಿ ಬರುವುದಿಲ್ಲ. ಮೂರನೆಯದು, ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್ ಪ್ರಮಾಣವನ್ನು ನೋಡಿಸದಿರುವುದು. ಅದು 10 ಅಥವಾ ಹೆಚ್ಚು ಯೂನಿಟ್ ಇದ್ದರೆ ರಕ್ಷಣೆ ಇದೆ. ಸೋಂಕಿರುವವರ ಸಂಗಾತಿ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಈಗಾಗಲೇ ಸೋಂಕಿರುವವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ, ಹಾನಿಯೂ ಇಲ್ಲ.

ಲಸಿಕೆ ಪಡೆಯದವರಿಗೆ ಸೋಂಕಿರುವವರ ರಕ್ತ ತಾಗಿದ ಸೂಜಿ ಚುಚ್ಚಿದರೆ, ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಬೇಕಾಗುತ್ತದೆ. ಅದನ್ನು 24 ಗಂಟೆಯೊಳಗೆ ಪಡೆಯುವುದು ಉತ್ತಮ. ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ ಮತ್ತು ಕಸ ವಿಂಗಡಿಸುವ ಪೌರಕಾರ್ಮಿಕರು ಇದನ್ನು ತಿಳಿದಿರಬೇಕು, ಅವರ ಮೇಲ್ವಿಚಾರಕರು ಇನ್ನೂ ಚೆನ್ನಾಗಿ ತಿಳಿದಿರಬೇಕು.

ಹಂತ 5: ಸೋಂಕಿರುವವರ ಪೂರ್ಣ ಪರೀಕ್ಷೆ

ಒಂದು ಪಾಸಿಟಿವ್ ವರದಿ ಕಾಯಿಲೆಯ ತೀವ್ರತೆಯನ್ನು ಹೇಳುವುದಿಲ್ಲ. ಅದಕ್ಕೆ ಈ ಕೆಳಗಿನವು ಬೇಕು.

ಎಲ್‌ಎಫ್‌ಟಿ, ಅಂದರೆ ಯಕೃತ್ತಿನ ಕಾರ್ಯಪರೀಕ್ಷೆ. ಇದರಲ್ಲಿರುವ ಎಸ್‌ಜಿಪಿಟಿ ಅಥವಾ ಎಎಲ್‌ಟಿ ಎಂಬ ಕಿಣ್ವ ಯಕೃತ್ತಿನ ಕೋಶಗಳು ಒಡೆದಾಗ ರಕ್ತಕ್ಕೆ ಸೋರುತ್ತದೆ. ಪ್ರಯೋಗಾಲಯದ ವರದಿಗಳು 40 ಅಥವಾ 50ರವರೆಗೂ ಸಹಜವೆಂದು ಮುದ್ರಿಸುವುದುಂಟು, ಆದರೆ ವಿಶ್ವ ಆರೋಗ್ಯ ಸಂಸ್ಥೆ ಈ ಸೋಂಕಿನ ವಿಷಯದಲ್ಲಿ ಪುರುಷರಿಗೆ 30, ಮಹಿಳೆಯರಿಗೆ 19ನ್ನು ಮಿತಿಯಾಗಿ ತೆಗೆದುಕೊಳ್ಳುತ್ತದೆ. 38 ಇದ್ದು ದಪ್ಪಕ್ಷರದಲ್ಲಿ ಮುದ್ರಿತವಾಗದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ.

ವೈರಲ್ ಲೋಡ್, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆಯೆಂಬ ಡಿಎನ್‌ಎ ಪರೀಕ್ಷೆ. ಕೆಲವು ಪ್ರಯೋಗಾಲಯಗಳು ಇದನ್ನು ಐಯು, ಅಂದರೆ ಅಂತರರಾಷ್ಟ್ರೀಯ ಯೂನಿಟ್‌ಗಳಲ್ಲಿ, ಕೆಲವು ಕಾಪಿಗಳಲ್ಲಿ ಕೊಡುತ್ತವೆ, ಮತ್ತು ಒಂದು ಐಯು ಎಂದರೆ ಸುಮಾರು ಐದು ಕಾಪಿ. ಕಳೆದ ಸಲ 2,000 ಇದ್ದದ್ದು ಈ ಸಲ 10,000 ಆಯಿತೆಂದು ಗಾಬರಿಯಾಗುವ ಮೊದಲು ಎರಡೂ ವರದಿಗಳ ಅಳತೆ ಒಂದೇ ಇದೆಯೇ ನೋಡಿ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ.

ಎಚ್‌ಬಿಇಎಜಿ ಪರೀಕ್ಷೆ ವೈರಸ್ ಎಷ್ಟು ಚುರುಕಾಗಿ ವೃದ್ಧಿಯಾಗುತ್ತಿದೆ ಎಂಬುದರ ಸೂಚನೆ ಕೊಡುತ್ತದೆ. ಎಚ್‌ಐವಿ, ಹೆಪಟೈಟಿಸ್ ಸಿ ಮತ್ತು ಸಾಧ್ಯವಿದ್ದರೆ ಹೆಪಟೈಟಿಸ್ ಡಿ ಪರೀಕ್ಷೆಗಳೂ ಆಗಬೇಕು. ಎಚ್‌ಐವಿ ಪರೀಕ್ಷೆ ಮಾಡದೆ ಮಾತ್ರೆ ಶುರು ಮಾಡಬಾರದು, ಏಕೆಂದರೆ ಈ ಮಾತ್ರೆಗಳನ್ನು ಒಂಟಿಯಾಗಿ ಕೊಟ್ಟರೆ ಎಚ್‌ಐವಿ ಔಷಧಕ್ಕೆ ಜಗ್ಗದಂತಾಗಬಹುದು.

ಯಕೃತ್ತಿನಲ್ಲಿ ಕಲೆಗಟ್ಟುವಿಕೆ, ಅಂದರೆ ಫೈಬ್ರೋಸಿಸ್, ಎಷ್ಟಾಗಿದೆ ಎಂಬುದಕ್ಕೆ ಫೈಬ್ರೋಸ್ಕ್ಯಾನ್ ಇದೆ. ನೋವಿಲ್ಲದ ಈ ಪರೀಕ್ಷೆಗೆ ಕನಿಷ್ಠ ಮೂರು ಗಂಟೆ ಏನೂ ತಿನ್ನದೆ ಹೋಗಿ, ಇಡ್ಲಿ ತಿಂದು ಹೋದರೂ ಅಂಕಿ ಏರುಪೇರಾಗಬಹುದು. ಆ ಯಂತ್ರ ಸಿಗದಿದ್ದರೆ ಎಪಿಆರ್‌ಐ ಎಂಬ ಸರಳ ಲೆಕ್ಕವಿದೆ. ಉದಾಹರಣೆಗೆ, ಎಲ್‌ಎಫ್‌ಟಿಯಲ್ಲೇ ಇರುವ ಇನ್ನೊಂದು ಕಿಣ್ವವಾದ ಎಸ್‌ಜಿಒಟಿ ನಿಮಗೆ 48, ಆ ಪ್ರಯೋಗಾಲಯದ ಮೇಲ್ಮಿತಿ 40, ಪ್ಲೇಟ್‌ಲೆಟ್ 1.6 ಲಕ್ಷ ಎಂದುಕೊಳ್ಳಿ. 48ನ್ನು 40ರಿಂದ ಭಾಗಿಸಿದರೆ 1.2, ಅದನ್ನು 100ರಿಂದ ಗುಣಿಸಿದರೆ 120, ಅದನ್ನು ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯಾದ 160ರಿಂದ ಭಾಗಿಸಿದರೆ 0.75. ಇದು 0.5ಕ್ಕಿಂತ ಹೆಚ್ಚಾದ್ದರಿಂದ ಚಿಕಿತ್ಸೆಯ ಮಾತು ಎತ್ತಬೇಕಾದ ಮಟ್ಟ. ಡೆಂಗೆ ಬಂದು ಪ್ಲೇಟ್‌ಲೆಟ್ ಇಳಿದಿರುವಾಗ ಮಾತ್ರ ಈ ಲೆಕ್ಕ ಹಾಕಬೇಡಿ.

ಹಂತ 6: ಮಾತ್ರೆ ಬೇಕೇ, ಬೇಡವೇ?

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತನ್ನ ಮಾರ್ಗಸೂಚಿಯನ್ನು ಸಡಿಲಿಸಿ, ಮೊದಲಿಗಿಂತ ಹೆಚ್ಚು ಜನರಿಗೆ ಚಿಕಿತ್ಸೆ ಸಿಗುವಂತೆ ಮಾಡಿದೆ. ಅದರ ಪ್ರಕಾರ ಎಪಿಆರ್‌ಐ 0.5ಕ್ಕಿಂತ ಅಥವಾ ಫೈಬ್ರೋಸ್ಕ್ಯಾನ್ 7 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚಿದ್ದರೆ ವೈರಲ್ ಲೋಡ್ ಎಷ್ಟೇ ಇದ್ದರೂ ಚಿಕಿತ್ಸೆ ಬೇಕು. ವೈರಲ್ ಲೋಡ್ 2,000 ಐಯುಗಿಂತ ಹೆಚ್ಚಿದ್ದು ಎಎಲ್‌ಟಿ ಮೇಲೆ ಹೇಳಿದ ಮಿತಿಯನ್ನು ದಾಟಿದ್ದರೂ ಬೇಕು. ಮನೆತನದಲ್ಲಿ ಲಿವರ್ ಕ್ಯಾನ್ಸರ್ ಅಥವಾ ಸಿರೋಸಿಸ್ ಇದ್ದವರು, ಎಚ್‌ಐವಿ ಅಥವಾ ಹೆಪಟೈಟಿಸ್ ಸಿ, ಡಿ ಜೊತೆಗಿರುವವರು, ಸಕ್ಕರೆ ಕಾಯಿಲೆ ಅಥವಾ ಫ್ಯಾಟಿ ಲಿವರ್ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಕೂಡ ಚಿಕಿತ್ಸೆಗೆ ಅರ್ಹರು. ಸಿರೋಸಿಸ್ ಎಂದರೆ ಯಕೃತ್ತು ಕಲೆಗಟ್ಟಿ, ಗಂಟುಗಂಟಾಗಿ ಗಡುಸಾಗುವ ಸ್ಥಿತಿ. ಹಳೆಯ ಮಾನದಂಡದಂತೆ ನಿಮಗೆ ಕೆಲವು ವರ್ಷಗಳ ಹಿಂದೆ ‘ಬೇಡ’ ಎಂದಿದ್ದರೆ, ಈಗ ಮತ್ತೊಮ್ಮೆ ಕೇಳಲು ಇದೇ ಕಾರಣ ಸಾಕು. ಸಕ್ಕರೆ ಕಾಯಿಲೆ ಮನೆಮನೆಗೂ ಹೊಕ್ಕಿರುವ ನಮ್ಮ ಊರಿನಲ್ಲಿ ಈ ಬದಲಾವಣೆ ಅನೇಕರಿಗೆ ಅನ್ವಯಿಸುತ್ತದೆ.

ಇದಾವುದೂ ಅನ್ವಯಿಸದಿದ್ದರೆ ಮಾತ್ರೆಯಿಲ್ಲದೆ, ವೈದ್ಯರು ಹೇಳಿದಂತೆ ಮೂರರಿಂದ ಹನ್ನೆರಡು ತಿಂಗಳಿಗೊಮ್ಮೆ ಎಎಲ್‌ಟಿ ಮತ್ತು ವೈರಲ್ ಲೋಡ್ ನೋಡಿಸಿಕೊಳ್ಳುತ್ತ ಇರಬೇಕು. ಈ ವೈರಸ್ ವರ್ಷಗಟ್ಟಲೆ ತಣ್ಣಗಿದ್ದು ಮತ್ತೆ ಎಚ್ಚರಗೊಳ್ಳುವ ಸ್ವಭಾವದ್ದು.

ಹಂತ 7: ಮಾತ್ರೆಯ ಶಿಸ್ತು

ಮುಖ್ಯವಾಗಿ ಬಳಕೆಯಲ್ಲಿರುವುದು ಎರಡು ಔಷಧ, ಟೆನೊಫೊವಿರ್ ಮತ್ತು ಎಂಟೆಕಾವಿರ್. ಟೆನೊಫೊವಿರ್‌ನಲ್ಲಿ ಎರಡು ಬಗೆ: 300 ಮಿಲಿಗ್ರಾಂನ ಹಳೆಯ ಟಿಡಿಎಫ್ ಮತ್ತು ಮೂತ್ರಪಿಂಡ, ಮೂಳೆಗಳ ಮೇಲೆ ಕಡಿಮೆ ಪರಿಣಾಮ ಬೀರುವ 25 ಮಿಲಿಗ್ರಾಂನ ಟಿಎಎಫ್. ಟಿಡಿಎಫ್ ತೆಗೆದುಕೊಳ್ಳುವವರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನೈನ್ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಟಿಎಎಫ್ ಮಾತ್ರೆಯನ್ನು ಊಟದ ಜೊತೆ ನುಂಗಬೇಕು. ಎಂಟೆಕಾವಿರ್ ಇದಕ್ಕೆ ತದ್ವಿರುದ್ಧ: ಊಟವಾಗಿ ಎರಡು ಗಂಟೆಯ ನಂತರ, ಮುಂದಿನ ಊಟಕ್ಕೆ ಎರಡು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ರಾತ್ರಿ ಎಂಟಕ್ಕೆ ಮುದ್ದೆ ಉಂಡು ಹತ್ತೂವರೆಗೆ ಮಲಗುವವರಿಗೆ ಮಲಗುವ ಹೊತ್ತೇ ಒಳ್ಳೆಯದು. ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಲ್ಯಾಮಿವುಡಿನ್‌ಗೆ ವೈರಸ್ ಬೇಗ ಒಗ್ಗಿಕೊಳ್ಳುವುದರಿಂದ ಅದು ಈಗ ಮೊದಲ ಆಯ್ಕೆಯಲ್ಲ. ಯಾರಾದರೂ ಇನ್ನೂ ಅದೊಂದನ್ನೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರೊಡನೆ ಮಾತಾಡಿ.

ಮಾತ್ರೆ ವೈರಸ್ಸನ್ನು ಅಡಗಿಸುತ್ತದೆ, ಬೇರುಸಹಿತ ಕೀಳುವುದಿಲ್ಲ. ವೈರಸ್ಸಿನ ಡಿಎನ್‌ಎ ಯಕೃತ್ತಿನ ಕೋಶದ ಕೇಂದ್ರದೊಳಗೆ ಉಂಗುರದ ರೂಪದಲ್ಲಿ ಕೂತುಬಿಟ್ಟಿರುತ್ತದೆ, ಇಂದಿನ ಮಾತ್ರೆಗಳು ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಬಹುತೇಕರಿಗೆ ಇದು ವರ್ಷಗಳ, ಹಲವರಿಗೆ ಜೀವಮಾನದ ಚಿಕಿತ್ಸೆ. ಇದರಿಂದ ಸಿಗುವ ಲಾಭ ದೊಡ್ಡದು: ಉರಿಯೂತ ಇಳಿಯುತ್ತದೆ, ಕಲೆಗಟ್ಟುವಿಕೆ ನಿಲ್ಲುತ್ತದೆ ಅಥವಾ ಎಷ್ಟೋ ಮಂದಿಯಲ್ಲಿ ಹಿಂದಕ್ಕೂ ಸರಿಯುತ್ತದೆ, ಕ್ಯಾನ್ಸರಿನ ಅಪಾಯ ತಗ್ಗುತ್ತದೆ.

ಇಲ್ಲಿ ಅತ್ಯಂತ ಅಪಾಯಕಾರಿ ತಪ್ಪೊಂದಿದೆ. ವೈರಲ್ ಲೋಡ್ ‘ಪತ್ತೆಯಾಗಿಲ್ಲ’ ಎಂದು ಬಂದ ಸಂತೋಷದಲ್ಲಿ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು. ಹಾಗೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಮರುಕಳಿಸಿ ಯಕೃತ್ತು ಕೈಕೊಡಬಹುದು, ಸಿರೋಸಿಸ್ ಇದ್ದವರಲ್ಲಿ ಅದು ಜೀವಕ್ಕೇ ಎರವಾಗಬಹುದು. ಊರಿಗೆ ಹೋಗುವಾಗ, ಯಾತ್ರೆಗೆ ಹೋಗುವಾಗ ಹತ್ತು ದಿನದ ಹೆಚ್ಚುವರಿ ಮಾತ್ರೆ ಚೀಲದಲ್ಲಿರಲಿ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮಾರನೆಯ ದಿನ ಎರಡು ನುಂಗಬೇಡಿ.

ನಾಟಿ ಔಷಧದ ಮಾತನ್ನೂ ಇಲ್ಲೇ ಹೇಳಬೇಕು. ನೆಲನೆಲ್ಲಿಯ ಬಗ್ಗೆ ಹಲವರಿಗೆ ನಂಬಿಕೆಯಿದೆ, ಮತ್ತು ಅದು ಬುಡವಿಲ್ಲದೆ ಹುಟ್ಟಿದ್ದಲ್ಲ. 1988ರಲ್ಲಿ ಮದ್ರಾಸಿನಲ್ಲಿ ನಡೆದ ಒಂದು ಅಧ್ಯಯನ ಅದು ಈ ಸೋಂಕನ್ನು ತೊಲಗಿಸಬಲ್ಲದೆಂಬ ಆಸೆ ಹುಟ್ಟಿಸಿತ್ತು, ಬ್ಲೂಂಬರ್ಗ್ ಕೂಡ ಅದರಲ್ಲಿ ಭಾಗಿಯಾಗಿದ್ದರು. ಆದರೆ ನಂತರದ ಪರೀಕ್ಷೆಗಳಲ್ಲಿ ಆ ಫಲಿತಾಂಶ ದೃಢಪಡಲಿಲ್ಲ. ಕಾಮಾಲೆಗೆ ಬರೆ ಹಾಕಿಸುವುದು, ಮೂಗಿಗೆ ರಸ ಬಿಡಿಸುವುದು, ಹೆಸರಿಲ್ಲದ ಪುಡಿಯನ್ನು ಮಜ್ಜಿಗೆಯಲ್ಲಿ ಕುಡಿಸುವುದು, ಇವು ಯಾವುವೂ ವೈರಸ್ಸನ್ನು ಮುಟ್ಟುವುದಿಲ್ಲ. ‘ಔಷಧ ಕೊಟ್ಟ ಮೇಲೆ ಕಾಮಾಲೆ ಹೋಯಿತು’ ಎಂಬ ಮಾತು ಸುಳ್ಳಲ್ಲ, ಆದರೆ ಅದು ಹೋದದ್ದು ತಾನಾಗಿ. ವೈರಸ್ ಉಳಿದಿದೆಯೇ ಎಂದು ಹೇಳುವುದು ಆರು ತಿಂಗಳ ನಂತರದ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾತ್ರ, ಅದನ್ನು ಮಾಡಿಸಲು ಆಗ ಯಾರಿಗೂ ನೆನಪಿರುವುದಿಲ್ಲ.

ಹಂತ 8: ಗರ್ಭಿಣಿಯಾಗಿದ್ದರೆ

ಇಡೀ ಸರಪಳಿಯನ್ನು ತುಂಡರಿಸಲು ಸಾಧ್ಯವಿರುವ ಜಾಗ ಇದು, ಆದ್ದರಿಂದ ನಿಧಾನವಾಗಿ ಓದಿ.

ಮೊದಲ ಮೂರು ತಿಂಗಳೊಳಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಬೇಕು. ಪಾಸಿಟಿವ್ ಇದ್ದರೆ ವೈರಲ್ ಲೋಡ್ ನೋಡಬೇಕು. ಅದು 2 ಲಕ್ಷ ಐಯು ಅಥವಾ ಹೆಚ್ಚಿದ್ದರೆ, ಇಲ್ಲವೇ ಆ ಪರೀಕ್ಷೆ ಸಿಗದೆ ಎಚ್‌ಬಿಇಎಜಿ ಪಾಸಿಟಿವ್ ಇದ್ದರೆ, ತಾಯಿಗೆ ಟೆನೊಫೊವಿರ್ ಕೊಡುತ್ತಾರೆ. ಸಾಮಾನ್ಯವಾಗಿ ಇದನ್ನು 28ನೆಯ ವಾರದ ಹೊತ್ತಿಗಾದರೂ ಶುರು ಮಾಡುತ್ತಾರೆ. ಇದು ಗರ್ಭದಲ್ಲಿರುವ ಮಗುವಿಗೆ ಸುರಕ್ಷಿತ. ಈ ಒಂದು ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ.

ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಸೋಂಕಿರುವ ತಾಯಿಯ ಮಗುವಿಗೆ ಅದರ ಜೊತೆಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಎರಡನ್ನೂ 12 ಗಂಟೆಯೊಳಗೆ ಕೊಡುವುದು ಉತ್ತಮ. ಆಮೇಲೆ 6, 10 ಮತ್ತು 14ನೆಯ ವಾರ ಪೆಂಟಾವೇಲೆಂಟ್ ಲಸಿಕೆಯಲ್ಲಿ ಉಳಿದ ಡೋಸ್‌ಗಳು ಸೇರಿಯೇ ಬರುತ್ತವೆ.

ತಪ್ಪು ಆಗುವುದು ಹೆರಿಗೆಯ ಗಡಿಬಿಡಿಯಲ್ಲಿ. ಶನಿವಾರ ರಾತ್ರಿ ಹೆರಿಗೆಯಾಗುತ್ತದೆ, ಇಮ್ಯುನೊಗ್ಲೋಬ್ಯುಲಿನ್ ಆಸ್ಪತ್ರೆಯ ದಾಸ್ತಾನಿನಲ್ಲಿರುವುದಿಲ್ಲ, ಔಷಧದಂಗಡಿಯವರು ಸೋಮವಾರ ಬರುತ್ತದೆ ಎನ್ನುತ್ತಾರೆ. ಆದ್ದರಿಂದ ಎಂಟನೆಯ ತಿಂಗಳಲ್ಲೇ ಹೆರಿಗೆ ಆಸ್ಪತ್ರೆಯವರನ್ನು ‘ಇದು ನಿಮ್ಮಲ್ಲಿ ಇರುತ್ತದೆಯೇ, ಇಲ್ಲದಿದ್ದರೆ ಎಲ್ಲಿಂದ ತರಬೇಕು’ ಎಂದು ನೇರವಾಗಿ ಕೇಳಿ, ತಾಯಿ ಕಾರ್ಡಿನ ಮೊದಲ ಪುಟದಲ್ಲೇ ‘ಎಚ್‌ಬಿಎಸ್‌ಎಜಿ ಪಾಸಿಟಿವ್, ಮಗುವಿಗೆ 12 ಗಂಟೆಯೊಳಗೆ ಲಸಿಕೆ ಮತ್ತು ಇಮ್ಯುನೊಗ್ಲೋಬ್ಯುಲಿನ್’ ಎಂದು ದೊಡ್ಡಕ್ಷರದಲ್ಲಿ ಬರೆಸಿ. ಬಾಣಂತನಕ್ಕೆ ತವರಿಗೆ ಹೋಗುವವರು ಆ ಊರಿನ ಆಸ್ಪತ್ರೆಯಲ್ಲೂ ಇದನ್ನು ಮೊದಲೇ ವಿಚಾರಿಸಬೇಕು, ಜೊತೆಗೆ ಹೋಗುವ ಅಮ್ಮನಿಗೋ ಅತ್ತಿಗೆಗೋ ವಿಷಯ ಗೊತ್ತಿರಬೇಕು, ಹೆರಿಗೆಯ ನೋವಿನಲ್ಲಿರುವವಳಿಗೆ ಇದನ್ನೆಲ್ಲ ನೆನಪಿಸಲು ಆಗುವುದಿಲ್ಲ.

ಎದೆಹಾಲು ಕುಡಿಸಬಹುದು, ಕುಡಿಸಲೇಬೇಕು. ಮಗುವಿಗೆ 9ರಿಂದ 12 ತಿಂಗಳಾದಾಗ ಎಚ್‌ಬಿಎಸ್‌ಎಜಿ ಮತ್ತು ಆಂಟಿ ಎಚ್‌ಬಿಎಸ್ ಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಹಂತ 9: ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಮಾತ್ರೆ ಎರಡೂ ಉಚಿತ. ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಈ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ಹೆಸರು ಹೇಳಿಯೇ ಕೇಳಿ. ನಗರದಲ್ಲಿ ಯಕೃತ್ತಿಗೆ ಮೀಸಲಾದ ಸರ್ಕಾರಿ ಸಂಸ್ಥೆಯೆಂದರೆ ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ. ಹೊರರೋಗಿ ಚೀಟಿಗೆ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು. ಖಾಸಗಿಯಾಗಿ ತೋರಿಸುವುದಾದರೆ ಸಾಮಾನ್ಯ ವೈದ್ಯರಲ್ಲೇ ನಿಲ್ಲದೆ ಜಠರ-ಕರುಳು ತಜ್ಞರನ್ನೋ, ಯಕೃತ್ತಿನ ತಜ್ಞರನ್ನೋ ಒಮ್ಮೆಯಾದರೂ ಕಾಣಿ.

ಹಂತ 10: ವರ್ಷವರ್ಷದ ತಪಾಸಣೆ

ಹೆಪಟೈಟಿಸ್ ಬಿ ಸಿರೋಸಿಸ್ ಬರುವ ಮೊದಲೇ ಕೂಡ ಲಿವರ್ ಕ್ಯಾನ್ಸರ್ ತರಬಲ್ಲದು. ಸಿರೋಸಿಸ್ ಇರುವವರು, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದವರು, 40 ದಾಟಿದ ಪುರುಷರು ಮತ್ತು 50 ದಾಟಿದ ಮಹಿಳೆಯರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆಯನ್ನೂ ವೈದ್ಯರು ಹೇಳಬಹುದು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ವೈರಸ್ ಪತ್ತೆಯಾಗುತ್ತಿಲ್ಲ ಎಂದರೂ ಇದು ತಪ್ಪುವುದಿಲ್ಲ. ಯುಗಾದಿ ಮತ್ತು ದಸರಾ ಎಂದು ಎರಡು ಗುರುತು ಇಟ್ಟುಕೊಂಡವರನ್ನು ಕಂಡಿದ್ದೇನೆ, ಹಬ್ಬದ ಹಿಂದಿನ ವಾರ ಸ್ಕ್ಯಾನ್ ಎಂಬ ಲೆಕ್ಕ ಅವರಿಗೆ ತಪ್ಪಿಲ್ಲ.

ಮದ್ಯವನ್ನು ಪೂರ್ತಿ ಬಿಡಿ, ‘ಹಬ್ಬಕ್ಕೊಂದು’ ಎಂಬುದೂ ಬೇಡ. ತೂಕ ಮತ್ತು ಸಕ್ಕರೆ ಹತೋಟಿಯಲ್ಲಿರಲಿ. ಎಣ್ಣೆ, ತುಪ್ಪ, ಅರಿಶಿನ ಬಿಟ್ಟು ಬರೀ ಗಂಜಿ ಕುಡಿಯುವ ಪಥ್ಯದ ಅಗತ್ಯವಿಲ್ಲ, ಮನೆಯವರೆಲ್ಲ ಉಣ್ಣುವ ಸಾಮಾನ್ಯ ಊಟವನ್ನೇ ಉಣ್ಣಿ.

ಇನ್ನೊಂದು ವಿಷಯವನ್ನು ಫೈಲಿನ ಮೇಲ್ಹೊದಿಕೆಯಲ್ಲೇ ಬರೆದಿಡಿ. ಕ್ಯಾನ್ಸರಿಗೆ ಕೀಮೋಥೆರಪಿ, ಸಂಧಿವಾತಕ್ಕೆ ರಿಟುಕ್ಸಿಮ್ಯಾಬ್‌ನಂಥ ಚುಚ್ಚುಮದ್ದು, ಅಂಗಾಂಗ ಕಸಿಯ ಔಷಧ, ದೀರ್ಘಕಾಲದ ಸ್ಟೆರಾಯ್ಡ್, ಇವುಗಳಲ್ಲಿ ಯಾವುದನ್ನಾದರೂ ಶುರು ಮಾಡುವ ಮುನ್ನ ಆ ವೈದ್ಯರಿಗೆ ನಿಮ್ಮ ಹೆಪಟೈಟಿಸ್ ಬಿ ವಿಷಯ ತಿಳಿಸಲೇಬೇಕು. ಈ ಔಷಧಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದಾಗ ಅಡಗಿದ್ದ ವೈರಸ್ ಭುಗಿಲೇಳಬಹುದು, ಆದರೆ ಮುಂಚಿತವಾಗಿ ಎಂಟೆಕಾವಿರ್ ಅಥವಾ ಟೆನೊಫೊವಿರ್ ಶುರು ಮಾಡಿದರೆ ಅದನ್ನು ತಡೆಯಬಹುದು. ಎಚ್‌ಬಿಎಸ್‌ಎಜಿ ನೆಗೆಟಿವ್ ಆಗಿ, ಆಂಟಿ ಎಚ್‌ಬಿಸಿ ಮಾತ್ರ ಪಾಸಿಟಿವ್ ಇರುವ ಮನೆಯ ಸದಸ್ಯರಿಗೂ ಇದು ಅನ್ವಯಿಸುತ್ತದೆ. ಹಂತ 4ರಲ್ಲಿ ಮಾಡಿಸಿದ ಅವರ ವರದಿಯನ್ನು ಎಸೆಯದೆ ಇದೇ ಫೈಲಿನಲ್ಲಿ ಸೇರಿಸಿಡಿ.